ದಕ್ಕೆಯ ಮೇಲೆ ಉಳಿದ ಚಪ್ಪಲಿ

ದ್ರಾಗೊವಲ, ವಿಸ್ ದ್ವೀಪ
14 ಏಪ್ರಿಲ್ 2009

ಪ್ರೀತಿಯ ನೇವಿಯ,

ಫೋನಿನಲ್ಲಿ ನೀನು ಎರಡು ಸಲ ಮಾತಿನ ಮಧ್ಯೆಯೇ ಇಟ್ಟುಬಿಟ್ಟೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನೂ ಅರ್ಧಕ್ಕೆ ಮಡಚಿಡಬಹುದು, ಆದರೆ ಅದು ಮೇಜಿನ ಮೇಲೆ ಬಿದ್ದುಕೊಂಡು ನಿನ್ನ ಮುಖವನ್ನೇ ನೋಡುತ್ತಿರುತ್ತದೆ.

ಕಳೆದ ಬೇಸಿಗೆಯಲ್ಲಿ ನೀನು ಒಬ್ಬಳೇ ಸಮುದ್ರಕ್ಕೆ ಇಳಿಯುತ್ತಿದ್ದೆ ಎಂದು ನನಗೆ ಗೊತ್ತಾದದ್ದು ವಿಂಕೊನಿಂದ. ಬೇಕರಿಯ ವಿಂಕೊ. ಚಿಕ್ಕವರಿದ್ದಾಗ ನೀವಿಬ್ಬರೂ ದೋಣಿ ಕಟ್ಟುವ ಇದೇ ದಕ್ಕೆಯಿಂದ ಕೈ ಕೈ ಹಿಡಿದು ಹಾರುತ್ತಿದ್ದಿರಲ್ಲ, ಅವನೇ. ಚಾಡಿ ಹೇಳಲು ಬಂದವನಲ್ಲ. ಬ್ರೆಡ್ಡು ಸುತ್ತಿ ಕೊಡುತ್ತಾ, "ಪೆರೀನಮ್ಮ, ನಿಮ್ಮ ಹುಡುಗಿ ಬಂಡೆಗೋಡೆ ಬುಡದ ತನಕ ಒಬ್ಬಳೇ ಹೋಗ್ತಾಳೆ. ನಾನೂ ಬರ್ತೀನಿ ಅಂದ್ರೆ, ನಿನ್ನ ಗುಳ್ಳೆ ಸದ್ದು ಜಾಸ್ತಿ ಅಂತಾಳೆ" ಎಂದು ನಕ್ಕ. ಅವನು ನಕ್ಕ, ನಾನು ನಗಲಿಲ್ಲ.

ನೀರಿನಡಿ ಉಸಿರಾಡುವ ಸಿಲಿಂಡರಿಗೆ ಗಾಳಿ ತುಂಬುವ ಯಂತ್ರ ನನ್ನದು, ಶೆಡ್ಡು ನನ್ನದು. ನಾನು ತುಂಬಿಕೊಟ್ಟ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ನೀನು ಒಬ್ಬಳೇ ಹೋಗುವುದೆಂದರೆ, ಅರ್ಧ ದಾರಿ ನಾನೇ ಕಳುಹಿಸಿದ ಹಾಗೆ. ನೀರಿಗೆ ಇಬ್ಬರು ಇಳಿಯುವುದು ಚಂದಕ್ಕಲ್ಲ. ಒಬ್ಬರ ಗಾಳಿ ನಿಂತರೆ ಇನ್ನೊಬ್ಬರ ಬಾಯಿಂದ ಎರಡು ಉಸಿರು ಎರವಲು ಸಿಗಲಿ ಎಂದು.

ಚಪ್ಪಲಿಯ ವಿಷಯಕ್ಕೂ ನೀನು ನಕ್ಕೆಯಂತೆ. ಇಲ್ಲಿ ಯಾರೇ ಇಳಿಯಲಿ, ಚಪ್ಪಲಿಯನ್ನು ದಕ್ಕೆಯ ಕೊನೆಯ ಕಲ್ಲಿನ ಮೇಲೆ ಬಿಟ್ಟು ಇಳಿಯಬೇಕು, ಮೇಲೆ ಬಂದ ಮೇಲೆ ಮೆಟ್ಟಿಕೊಂಡು ಹೋಗಬೇಕು. ಚರ್ಚಿನ ಮಧ್ಯಾಹ್ನದ ಗಂಟೆ ಹೊಡೆದಾಗ ಚಪ್ಪಲಿ ಇನ್ನೂ ಅಲ್ಲೇ ಇದ್ದರೆ, ಕಂಡವರು ಕೂಗಬೇಕು, ಸಿಲಿಂಡರ್ ಇದ್ದವರು ಇಳಿಯಬೇಕು. "ಅಂಗನವಾಡಿ ನಿಯಮ" ಎಂದೆಯಂತೆ. ಆಗಲಿ. ಅಂಗನವಾಡಿಯಿಂದ ಮಕ್ಕಳು ಸಂಜೆಗೆ ಮನೆ ಸೇರುತ್ತವಲ್ಲ.

ಜೂನಿನಲ್ಲಿ ಬರುತ್ತೀಯಾ? ಬರುವುದಾದರೆ ಇದಕ್ಕೆ ಉತ್ತರ ಬರೆದು ಬಾ.

ನಿನ್ನ ದೊಡ್ಡಮ್ಮ,
ಪೆರೀನ


ಜಾಗ್ರೆಬ್
2 ಮೇ 2009

ಪ್ರೀತಿಯ ದೊಡ್ಡಮ್ಮ,

ಫೋನ್ ಇಟ್ಟದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಟ್ರಾಮ್ ನಿಯಂತ್ರಣ ಕೊಠಡಿಯಲ್ಲಿ ದಿನವಿಡೀ ಕಿವಿಗೆ ಮಾತು ಸಿಕ್ಕಿಸಿಕೊಂಡೇ ಕೂತಿರುತ್ತೇನೆ. ಹನ್ನೊಂದನೆಯ ನಂಬರಿನ ಬಾಗಿಲು ಹಾಕಿಕೊಳ್ಳುತ್ತಿಲ್ಲ, ಆರನೆಯದಕ್ಕೆ ಯಾರೋ ಕುಡುಕ ಅಡ್ಡ ಮಲಗಿದ್ದಾನೆ. ಎಲ್ಲರಿಗೂ ನಾನೇ ಬೇಕು, ಈಗಲೇ ಬೇಕು. ಮನೆಗೆ ಬಂದ ಮೇಲೆ ಯಾರಾದರೂ "ನೇವಿಯ" ಎಂದರೂ ಸಾಕು, ಮೈ ಉರಿಯುತ್ತದೆ.

ಅದಕ್ಕೂ ಮೊದಲು ಅಮ್ಮ. ಆರು ವರ್ಷ. ಅವಳ ಕೈಗೆ ಒಂದು ಸಣ್ಣ ಗಂಟೆ ಕೊಟ್ಟಿದ್ದೆ, ನಿನಗೆ ಗೊತ್ತು. ಅದು ಸದ್ದು ಮಾಡಿದರೆ ಊಟದ ತಟ್ಟೆ ಬಿಟ್ಟು ಏಳುತ್ತಿದ್ದೆ, ಸ್ನಾನದ ಮಧ್ಯೆ ಏಳುತ್ತಿದ್ದೆ. ಅವಳ ಮೇಲೆ ದೂರಿಲ್ಲ. ಆದರೆ ಅವಳು ಹೋದ ಮೇಲೆ ನನಗೆ ಒಂದು ಹೊತ್ತು ಬೇಕಾಗಿತ್ತು, ಯಾರೂ ಕರೆಯದ ಹೊತ್ತು. ಅದು ಸಿಕ್ಕಿದ್ದು ಬಂಡೆಗೋಡೆಯ ಬುಡದಲ್ಲಿ. ಅಲ್ಲಿ ನನ್ನ ಉಸಿರಿನ ಸದ್ದು ಬಿಟ್ಟರೆ ಏನೂ ಇಲ್ಲ. ಜೊತೆಗೊಬ್ಬರು ಬಂದರೆ ಅಲ್ಲೂ ಒಬ್ಬರನ್ನು ನೋಡಿಕೊಳ್ಳಬೇಕು: ಅವರ ಗಾಳಿ ಎಷ್ಟಿದೆ, ಅವರಿಗೆ ಚಳಿಯಾಗುತ್ತಿದೆಯೇ ಎಂದು.

ನಾನು ಹುಚ್ಚಿಯಲ್ಲ. ಎರಡು ಸಿಲಿಂಡರ್, ಎರಡು ಉಸಿರಿನ ನಳಿಗೆ, ಎರಡು ಚಾಕು ಇಟ್ಟುಕೊಂಡೇ ಇಳಿಯುತ್ತೇನೆ. ಗಂಡನಿಲ್ಲ, ಮಕ್ಕಳಿಲ್ಲ. ಸತ್ತರೆ ನನ್ನ ಸಾವು ನನ್ನದು. ಮೋಟಾರ್‌ಬೈಕಿನವರಿಗೆ, ಗುಡ್ಡ ಹತ್ತುವವರಿಗೆ ಯಾರೂ ಚಪ್ಪಲಿ ಬಿಚ್ಚಿಟ್ಟು ಹೋಗು ಎನ್ನುವುದಿಲ್ಲ.

ಜೂನಿನಲ್ಲಿ ಬರುತ್ತೇನೆ. ಗಾಳಿ ತುಂಬಿಕೊಡುವುದಿಲ್ಲವಾದರೆ ಈಗಲೇ ಹೇಳು, ದ್ವೀಪದ ಆ ಬದಿಯ ಕೊಮಿಜದಲ್ಲಿ ತುಂಬಿಸಿಕೊಳ್ಳುತ್ತೇನೆ.

ಪ್ರೀತಿಯಿಂದ,
ನೇವಿಯ


ದ್ರಾಗೊವಲ
20 ಮೇ 2009

ಪ್ರೀತಿಯ ನೇವಿಯ,

ನಿನ್ನ ಕಾಗದ ಓದಿದೆ. ನನ್ನ ತಂಗಿ ಹಾಸಿಗೆ ಹಿಡಿದ ಆರು ವರ್ಷದಲ್ಲಿ ನಾನು ಬಂದದ್ದು ಎಷ್ಟು ಸಲ ಎಂದು ನೀನು ಬರೆಯಲಿಲ್ಲ. ಬರೆಯಬಹುದಿತ್ತು.

ಬಾ. ಒಬ್ಬಳೇ ಇಳಿ. ಗಾಳಿಯನ್ನು ನಾನೇ ತುಂಬಿಕೊಡುತ್ತೇನೆ. ಆ ಕೊಮಿಜದವನ ಯಂತ್ರ ಎಣ್ಣೆ ಉಗುಳುತ್ತದೆ, ಅವನ ಗಾಳಿ ಕುಡಿದರೆ ನಿನಗೆ ಹುರಿದ ಮೀನಿನ ಕನಸು ಬೀಳುತ್ತದೆ.

ಆದರೆ ಚಪ್ಪಲಿ ಬಿಡಬೇಕು. ಸತ್ತರೆ ನನ್ನ ಸಾವು ನನ್ನದು ಎಂದೆ. ಸಮುದ್ರದ ತಳದಲ್ಲಿ ಬಿದ್ದ ಹೆಣ ತಾನಾಗಿ ಎದ್ದು ಮನೆಗೆ ಬರುವುದಿಲ್ಲ, ಮಗಳೇ. ಯಾರೋ ಇಳಿದು ತರಬೇಕು. ಇಲ್ಲಿ ಹಾಗೆ ಇಳಿಯುವವರು ಮೂವರೇ, ಅದರಲ್ಲಿ ವಿಂಕೊ ಒಬ್ಬ. ನೀನು ಬರುವ ಸುದ್ದಿ ಹೇಳಿದೆ. "ಬರ್ಲಿ ಬರ್ಲಿ. ಈ ಸಲ ನಾನು ಉಸಿರು ಬಿಗಿಹಿಡ್ಕೊಂಡೇ ಹಿಂದೆ ಹೋಗ್ತೀನಿ, ಗುಳ್ಳೇನೇ ಬಿಡಲ್ಲ" ಎಂದ. ಅವನ ತಾಯಿ ಫಾನಿಕ ಒಳಗಿನಿಂದಲೇ, "ಮೊದಲು ಒಲೇಲಿರೋದನ್ನ ನೋಡೋ, ಕರಟಿಹೋಗ್ತಿದೆ!" ಎಂದು ಕೂಗಿದಳು.

ಒಪ್ಪಿಗೆಯಾದರೆ ಬಾ. ಒಪ್ಪಿಗೆಯಿಲ್ಲದಿದ್ದರೂ ಬಾ, ಆದರೆ ಈಜಲು ಮಾತ್ರ.

ನಿನ್ನ ದೊಡ್ಡಮ್ಮ,
ಪೆರೀನ


ದ್ರಾಗೊವಲ
29 ಜೂನ್ 2009

ನೇವಿಯ,

ಗುರುವಾರ ಬೆಳಗಿನ ದೋಣಿಗೆ ನೀನು ಹೊರಟುಹೋದೆ ಎಂದು ಟಿಕೆಟ್ ಕೊಡುವ ಹುಡುಗಿ ಹೇಳಿದಳು. ಮೇಲೆ ಬಂದು ನೋಡಿದರೆ ಹಾಸಿಗೆ ಮಡಚಿಟ್ಟಿತ್ತು. ಏನಾಯಿತೆಂದು ನೀನು ಯಾರನ್ನೂ ಕೇಳಲಿಲ್ಲ. ಆದ್ದರಿಂದ ನಾನೇ ಹೇಳುತ್ತೇನೆ.

ಬುಧವಾರ ಮಧ್ಯಾಹ್ನದ ಗಂಟೆ ಹೊಡೆದಾಗ ನಾನು ಶೆಡ್ಡಿನಲ್ಲಿ ಸಾರ್ಡೀನ್ ಮೀನಿಗೆ ಉಪ್ಪು ಹಾಕುತ್ತಿದ್ದೆ. ಕೈ ಒರೆಸಿಕೊಂಡು ಹೊರಗೆ ನೋಡಿದೆ. ನಿನ್ನ ನೀಲಿ ಚಪ್ಪಲಿ ಕೊನೆಯ ಕಲ್ಲಿನ ಮೇಲೆ ಇತ್ತು, ಮೂತಿ ನೀರಿನ ಕಡೆಗೆ. ನೀರಿನ ಮೇಲೆ ಒಂದು ಗುಳ್ಳೆಯೂ ಇರಲಿಲ್ಲ. ಇಳಿದು ಹುಡುಕಬಲ್ಲ ಉಳಿದ ಇಬ್ಬರೂ ಕೊಮಿಜಕ್ಕೆ ಹೋಗಿದ್ದರು. ನಾನೇ ಬೇಕರಿಗೆ ಓಡಿದೆ.

"ಯಾರದು ಚಪ್ಪಲಿ?" ಎಂದ ವಿಂಕೊ.

"ನೇವಿಯಂದು."

"ಅಯ್ಯೋ ಆ ಕತ್ತೆ" ಎಂದ, ಏಪ್ರನ್ ಬಿಚ್ಚದೆಯೇ ಓಡಿದ. ದಕ್ಕೆಯ ಉದ್ದಕ್ಕೂ ಅವನ ಹಿಟ್ಟಿನ ಹೆಜ್ಜೆ ಇವತ್ತಿಗೂ ಕಾಣುತ್ತಿದೆ, ಮಳೆ ಬಂದಿಲ್ಲ.

ಅವತ್ತು ಬೆಳಿಗ್ಗೆಯೇ ಅವನು ಯಾರದೋ ಬಲೆ ಬಿಡಿಸಲು ಆಳಕ್ಕೆ ಹೋಗಿಬಂದಿದ್ದ. ಆಳದಲ್ಲಿ ರಕ್ತಕ್ಕೆ ಸೇರಿದ ಗಾಳಿ ಮೈಯಿಂದ ಇನ್ನೂ ಹೊರಹೋಗಿರಲಿಲ್ಲ, ಅಷ್ಟು ಬೇಗ ಮತ್ತೆ ಇಳಿಯಬಾರದಿತ್ತು. ಅದು ಅವನಿಗೂ ಗೊತ್ತು, ನನಗೂ ಗೊತ್ತು. ನಾನು ಸಿಲಿಂಡರ್ ಎತ್ತಿ ಅವನ ಬೆನ್ನಿಗೆ ಕಟ್ಟಿದೆ. ಬಂಡೆಗೋಡೆಯ ಬುಡದ ತನಕ ಹೋಗಿ ಬಂದ, ನೀನು ಸಿಗಲಿಲ್ಲ. ಸಿಲಿಂಡರ್ ಬದಲಿಸಿದ. "ಸಾಕು ಕಣೋ" ಎಂದೆ. "ಇನ್ನೊಂದು ಸಲ ಪೆರೀನಮ್ಮ, ಕೆಳಗಿನ ಗವಿ ನೋಡ್ಲಿಲ್ಲ" ಎಂದ. ಎರಡನೆಯ ಸಲ ಗಾಳಿ ಮುಗಿಯುವ ತನಕ ಕೆಳಗೇ ಇದ್ದ. ಹಂತ ಹಂತವಾಗಿ ನಿಂತು ನಿಂತು ಬರಬೇಕಾದವನು ನೇರ ಮೇಲೆ ಬಂದ. ಕಲ್ಲಿಗೆ ಕೈ ಕೊಟ್ಟು ನನ್ನನ್ನೇ ನೋಡಿ, "ಪೆರೀನಮ್ಮ, ನನ್ನ ಕಾಲೆಲ್ಲಿ?" ಎಂದ.

ಕಾಲು ಅಲ್ಲೇ ಇತ್ತು ನೇವಿಯ. ಅವನಿಗೆ ಗೊತ್ತಾಗುತ್ತಿರಲಿಲ್ಲ.

ಹೆಲಿಕಾಪ್ಟರ್ ಅವನನ್ನು ಸ್ಪ್ಲಿತ್‌ನ ಆಸ್ಪತ್ರೆಗೆ ಎತ್ತಿಕೊಂಡು ಹೋಯಿತು. ಕಬ್ಬಿಣದ ಪೀಪಾಯಿಯಂಥ ಒತ್ತಡದ ಕೋಣೆಯಲ್ಲಿ ದಿನಾ ಮಲಗಿಸುತ್ತಿದ್ದಾರೆ. ರಕ್ತದೊಳಗಿನ ಗುಳ್ಳೆ ಬೆನ್ನುಹುರಿಗೆ ಹೊಕ್ಕಿದೆಯಂತೆ. ನಡೆಯುತ್ತಾನೋ ಇಲ್ಲವೋ ಯಾರೂ ಹೇಳುತ್ತಿಲ್ಲ.

ಹೆಲಿಕಾಪ್ಟರ್ ಹೋದ ಮೇಲೆ ನೀನು ಬಂದೆ. ಪಕ್ಕದ ಕೊಲ್ಲಿಯಲ್ಲಿ ಊಟದಂಗಡಿ ಇಟ್ಟಿರುವ ಲೂಚೆಯ ವ್ಯಾನಿನಿಂದ ಬರಿಗಾಲಿನಲ್ಲಿ ಇಳಿದೆ. ನಿನ್ನನ್ನು ಕಂಡು ನನಗೆ ಮೊದಲು ಆದದ್ದು ಸಂತೋಷ. ಅದನ್ನು ಮುಚ್ಚಿಡಲಾರೆ. ಆಮೇಲೆ ಫಾನಿಕಳ ಮುಖ ನೋಡಿದೆ.

ನೀನು "ಸೆಳೆತ ಎಳ್ಕೊಂಡು ಹೋಯ್ತು" ಎಂದು ಒಂದೇ ಮಾತು ಹೇಳಿ ಮಹಡಿ ಹತ್ತಿದೆ. ನಾನು ಇನ್ನೂ ಕೆಳಗೇ ನಿಂತಿದ್ದೇನೆ.

ದೊಡ್ಡಮ್ಮ


ಜಾಗ್ರೆಬ್
11 ಜುಲೈ 2009

ದೊಡ್ಡಮ್ಮ,

ಓಡಿಹೋದೆ, ಹೌದು. ಫಾನಿಕ ನನ್ನನ್ನು ಬೈದಿದ್ದರೆ ನಿಲ್ಲುತ್ತಿದ್ದೆನೇನೋ. ಅವಳು ನನ್ನ ಪಾದ ನೋಡುತ್ತಿದ್ದಳು.

ಮತ್ತೆ ಹೇಳುತ್ತೇನೆ. ಮುಂಚಾಚಿನ ಬಂಡೆಯ ಹತ್ತಿರ ಸೆಳೆತ ಸಿಕ್ಕಿತು, ಆಚೆಗೆ ಎಳೆದೊಯ್ದಿತು. ಅದರ ವಿರುದ್ಧ ಈಜಲಿಲ್ಲ, ಈಜಬಾರದು ಎಂದು ನೀನೇ ಕಲಿಸಿದ್ದು. ಲೂಚೆಯ ಕೊಲ್ಲಿಯಲ್ಲಿ ಎದ್ದೆ, ಸುಸ್ತಾಗಿತ್ತು. ನನಗೆ ಏನೂ ಆಗಲಿಲ್ಲ, ಏಕೆಂದರೆ ನಾನು ತಯಾರಾಗಿದ್ದೆ. ವಿಂಕೊ ತಯಾರಾಗಿರಲಿಲ್ಲ.

ಇಳಿಯಲು ನಾನು ಯಾರಿಗೂ ಹೇಳಿರಲಿಲ್ಲ ದೊಡ್ಡಮ್ಮ. ಕಲ್ಲಿನ ಹಾಗೆ ಮಾತಾಡುತ್ತಿದ್ದೇನೆ ಎಂದು ಗೊತ್ತು. ಆದರೆ ಒಂದು ಸಲ ಯೋಚಿಸಿ ನೋಡು. ನಿಮ್ಮ ಚಪ್ಪಲಿಯ ನಿಯಮ ಇರದಿದ್ದರೆ ಅವನು ಅವತ್ತು ಬ್ರೆಡ್ಡು ಸುಟ್ಟುಕೊಂಡು ಇರುತ್ತಿದ್ದ, ನಾನು ಬಿಸಿಲಿನಲ್ಲಿ ನಡೆದು ಮನೆಗೆ ಬರುತ್ತಿದ್ದೆ. ಅವನ ಕಾಲು ತೆಗೆದದ್ದು ನನ್ನ ಸ್ವಾತಂತ್ರ್ಯವೋ, ನಿಮ್ಮ ನಿಯಮವೋ?

ನೇವಿಯ


ದ್ರಾಗೊವಲ
25 ಜುಲೈ 2009

ನೇವಿಯ,

ನಿನ್ನ ಪ್ರಶ್ನೆ ಒಳ್ಳೆಯ ಪ್ರಶ್ನೆ. ಅದನ್ನು ಬಟ್ಟೆ ಒಗೆಯುವಾಗ, ಸೊಪ್ಪು ಹೆಚ್ಚುವಾಗ ಹೊರಳಿಸಿ ಹೊರಳಿಸಿ ನೋಡಿದೆ. ಹೌದು, ನಿಯಮ ಇರದಿದ್ದರೆ ವಿಂಕೊ ಇಳಿಯುತ್ತಿರಲಿಲ್ಲ. ಚಪ್ಪಲಿ ಯಾರದೆಂದು ಯಾರೂ ಕೇಳದ ಊರುಗಳು ಬೇಕಾದಷ್ಟಿವೆ. ಅಲ್ಲಿ ನೀನು ನಿಜವಾಗಿ ಸ್ವತಂತ್ರಳು. ಹತ್ತು ಸಲ ಮೇಲೆ ಬರುತ್ತೀ, ಯಾರೂ ತೊಂದರೆ ಕೊಡುವುದಿಲ್ಲ. ಹನ್ನೊಂದನೆಯ ಸಲ ಬರದಿದ್ದರೂ ಯಾರೂ ತೊಂದರೆ ಕೊಡುವುದಿಲ್ಲ. ಅಂಥ ಊರು ನಿನಗೆ ಬೇಕಿದ್ದರೆ ನೀನು ಇಲ್ಲಿಗೆ ಯಾಕೆ ಬಂದೆ?

ನಾನೂ ಒಂದು ಕೇಳಬೇಕು. ಬುಧವಾರ ದಕ್ಷಿಣದ ಗಾಳಿ ಇರಲಿಲ್ಲ. ಅಂಜೂರದ ಎಲೆ ಅಲುಗುತ್ತಿರಲಿಲ್ಲ. ಆ ಮುಂಚಾಚಿನಲ್ಲಿ ಅಂಥ ದಿನ ಸೆಳೆತ ಇದ್ದದ್ದನ್ನು ಹುಟ್ಟಿದಾಗಿನಿಂದ ನಾನು ಕಂಡಿಲ್ಲ.

ಲೂಚೆ ಬಂದಿದ್ದಳು. ನನ್ನ ಅಡುಗೆಮನೆಯಲ್ಲಿ ಕೂತು, ಕಾಫಿ ಆರಿ ಕೆನೆ ಕಟ್ಟಲು ಬಿಟ್ಟಳು. ಕೊನೆಗೆ, ನೀನು ಅವಳಿಗೆ ಹೇಳಿದ್ದ ಒಂದು ಮಾತನ್ನು ಹೇಳಿದಳು. ಅದನ್ನು ನಾನು ಬರೆಯುವುದಿಲ್ಲ. ನಿನಗೆ ನೆನಪಿರುತ್ತದೆ.

ಅದು ನನ್ನ ಹೊಟ್ಟೆಯಲ್ಲಿರಲಿ. ಆದರೆ ವಿಂಕೊನನ್ನು ನೋಡಲು ಹೋಗಿದ್ದೆ. ಬಲಗಾಲಿನ ಬೆರಳು ಅಲುಗುತ್ತಿದೆ, ಎಡದ್ದು ಇಲ್ಲ. ಪೀಪಾಯಿಯ ಕೋಣೆಯಿಂದ ಈಗ ನಡಿಗೆ ಕಲಿಸುವ ವಾರ್ಡಿಗೆ ಹಾಕಿದ್ದಾರೆ. ನನ್ನನ್ನು ಕಂಡ ಕೂಡಲೇ ಕೇಳಿದ್ದು ಇದನ್ನೇ.

"ಸೆಳೆತ ಯಾವ ಕಡೆ ಎಳ್ಕೊಂಡು ಹೋಯ್ತಂತೆ ಪೆರೀನಮ್ಮ? ನಾನು ಎಡಕ್ಕೆ ಹುಡುಕಿದೆ. ಬಲಕ್ಕೆ ಹೋಗಿದ್ರೆ ಸಿಗ್ತಿದ್ಲೇನೋ. ಅವಳು ಅಲ್ಲಿ ಒದ್ದಾಡ್ತಿದ್ಲು, ನಾನು ಮೂರ್ಖ, ಗವಿಯೊಳಗೆ ಟಾರ್ಚ್ ಬಿಟ್ಕೊಂಡು ಕೂತಿದ್ದೆ."

ಕಾಲು ಹೋದದ್ದಕ್ಕಿಂತ ಅವನಿಗೆ ಇದೇ ದೊಡ್ಡದಾಗಿದೆ. ನಿನ್ನನ್ನು ಕಾಪಾಡಲಾಗಲಿಲ್ಲ ಎಂದುಕೊಂಡಿದ್ದಾನೆ. ನಾನು ದಿಂಬು ಸರಿಮಾಡಿ, "ಅದೆಲ್ಲ ಈಗ್ಯಾಕೆ" ಎಂದೆ. ನನ್ನ ನಾಲಿಗೆ ನನಗೇ ಕಹಿಯಾಯಿತು.

ದೊಡ್ಡಮ್ಮ


ಜಾಗ್ರೆಬ್
19 ಆಗಸ್ಟ್ 2009

ದೊಡ್ಡಮ್ಮ,

ಸೆಳೆತ ಇರಲಿಲ್ಲ.

ಈ ಎರಡು ಪದ ಬರೆಯಲು ಇಷ್ಟು ದಿನ ಬೇಕಾಯಿತು. ನೀರು ಗಾಜಿನ ಹಾಗಿತ್ತು. ಹಿಂದಿರುಗುವ ಜಾಗ ಬಂದಾಗ ನಾನು ಹಿಂದಿರುಗಲಿಲ್ಲ, ಅಷ್ಟೆ. ಮುಂಚಾಚು ದಾಟಿದರೆ ಆಚೆ ಏನಿದೆ ನೋಡೋಣ ಎನ್ನಿಸಿತು. ಗಾಳಿ ಸಾಕಷ್ಟಿತ್ತು. ಲೂಚೆಯ ಕೊಲ್ಲಿಯಲ್ಲಿ ಎದ್ದು, ಸಾಮಾನು ನೆರಳಿಗಿಟ್ಟು, ಅವಳ ಮೇಜಿನಲ್ಲಿ ಕೂತೆ. ಸುಟ್ಟ ಸಾರ್ಡೀನ್ ತಿಂದೆ, ವೈನ್ ಕುಡಿದೆ. ಲೂಚೆ ಬಂದು, "ಪೆರೀನಂಗೆ ಒಂದು ಫೋನ್ ಮಾಡ್ಲಾ? ಅಲ್ಲಿ ಕಾಯ್ತಿರ್ತಾರೆ" ಎಂದಳು. ನಾನು ಹೇಳಿದೆ: "ಬೇಡ ಲೂಚೆ, ನನಗೋಸ್ಕರ ಯಾರೂ ಕಾಯ್ತಿಲ್ಲ."

ಅವಳು ನಿನಗೆ ಹೇಳಿದ್ದು ಇಷ್ಟೇ ಇರಬೇಕು. ಅವಳಿಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಗುಡ್ಡದಾಚೆಯಿಂದ ಮಧ್ಯಾಹ್ನದ ಗಂಟೆ ನನಗೆ ಕೇಳಿಸಿತು. ಚಪ್ಪಲಿ ನೆನಪಾಯಿತು. ಏಳಬೇಕು ಎನ್ನಿಸಿತು, ಏಳಲಿಲ್ಲ. ಆರು ವರ್ಷ ಗಂಟೆ ಕೇಳಿದಾಗಲೆಲ್ಲ ಎದ್ದವಳು ನಾನು. ಅವತ್ತು ಒಂದು ಸಲ ಏಳದೆ ಕೂತೆ. ಯಾರಾದರೂ ಬಂದು ಚಪ್ಪಲಿ ನೋಡಿ ಸ್ವಲ್ಪ ಗಾಬರಿಯಾಗಲಿ, ಬೈಯಲಿ, ನೋಡಿಕೊಳ್ಳೋಣ ಎಂದುಕೊಂಡೆ. ವಿಂಕೊ ಇಳಿಯುತ್ತಾನೆ ಎಂದು ಯೋಚಿಸಲಿಲ್ಲ. ಯೋಚಿಸಬಾರದೆಂದೇ ಯೋಚಿಸಲಿಲ್ಲ.

ಮೊನ್ನೆ ಸ್ಪ್ಲಿತ್‌ಗೆ ಹೋಗಿದ್ದೆ. ವಾರ್ಡಿನ ಬಾಗಿಲಿನ ತನಕ. ಒಳಗೆ ಅವನು ಪಕ್ಕದ ಹಾಸಿಗೆಯವನಿಗೆ ಏನೋ ತಮಾಷೆ ಹೇಳುತ್ತಿದ್ದ. ಅವನ ದನಿ ಕೇಳಿ ಹಿಂದಿರುಗಿ ಬಂದುಬಿಟ್ಟೆ. ನಿನಗಾದರೂ ಹೇಳಿದೆನಲ್ಲ.

ನೇವಿಯ


ದ್ರಾಗೊವಲ
28 ಆಗಸ್ಟ್ 2009

ಮಗಳೇ,

ನನಗೆ ಹೇಳಿದೆ, ಒಳ್ಳೆಯದಾಯಿತು. ಆದರೆ ನನ್ನ ಕಾಲು ಚೆನ್ನಾಗಿದೆ.

ನೀನು ಕೂತೇ ಇದ್ದದ್ದು ನನಗೆ ಅರ್ಥವಾಗುತ್ತದೆ. ಅರ್ಥವಾಗುತ್ತದೆ ಎಂದು ಹೇಳಲು ನನಗೆ ಸಿಟ್ಟೂ ಬರುತ್ತದೆ. ನಿನ್ನ ಜಾಗದಲ್ಲಿ ನಾನಿದ್ದರೆ, ಆರು ವರ್ಷ ಮಾಡಿದ್ದರೆ, ಎಲ್ಲಿ ಕೂರುತ್ತಿದ್ದೆನೋ ಯಾರಿಗೆ ಗೊತ್ತು. ನಿನಗೆ ಆ ಹೊತ್ತು ಬೇಕಾಗಿತ್ತು. ಅದು ನಿನಗೆ ಸಿಕ್ಕಬೇಕಾದದ್ದೇ. ಆದರೆ ಅದಕ್ಕೆ ಬೆಲೆ ತೆತ್ತವನು ಅದೇನೆಂದು ತಿಳಿಯದೆ ಮಲಗಿದ್ದಾನೆ, ತನ್ನನ್ನೇ ಬೈದುಕೊಳ್ಳುತ್ತಾ. ಕಾಲನ್ನು ಡಾಕ್ಟರು ನೋಡಿಕೊಳ್ಳಲಿ. ಆ ಬೈಗುಳವನ್ನು ಅವನ ಬಾಯಿಂದ ತೆಗೆಯಲು ನಿನ್ನೊಬ್ಬಳಿಂದಲೇ ಸಾಧ್ಯ.

ಸೆಪ್ಟೆಂಬರ್ ಹತ್ತರ ಮೇಲೆ ಫಾನಿಕಳ ಜೊತೆ ನಾನೂ ಹೋಗುತ್ತೇನೆ. ಅವನು ಈ ಸಲ ಸುಮ್ಮನೆ ಬಿಡುವುದಿಲ್ಲ, ಕಣ್ಣಲ್ಲಿ ಕಣ್ಣಿಟ್ಟು ಕೇಳುತ್ತಾನೆ. ಇನ್ನೊಂದು ಸಲ ದಿಂಬು ಸರಿಮಾಡಲು ನನ್ನಿಂದ ಆಗದು. ನಾನು ಹೇಳಿದರೆ ಅದು ಸುದ್ದಿ. ನೀನು ಹೇಳಿದರೆ ಏನಾಗುತ್ತದೋ ನನಗೆ ಗೊತ್ತಿಲ್ಲ. ಹೆದರಿಸುತ್ತಿಲ್ಲ. ದಿನ ಹೇಳುತ್ತಿದ್ದೇನೆ.

ಊಟ ಮಾಡು. ನಿನ್ನ ಅಕ್ಷರ ಸಣಕಲಾಗಿದೆ.

ನಿನ್ನ ದೊಡ್ಡಮ್ಮ,
ಪೆರೀನ


ಸ್ಪ್ಲಿತ್
9 ಸೆಪ್ಟೆಂಬರ್ 2009

ಪ್ರೀತಿಯ ದೊಡ್ಡಮ್ಮ,

ಇವತ್ತು ಬೆಳಿಗ್ಗೆ ಒಳಗೆ ಹೋದೆ. ವಿಂಕೊ ಗಾಲಿಕುರ್ಚಿಯಲ್ಲಿ ಕಿಟಕಿಯ ಹತ್ತಿರ ಇದ್ದ. ತೆಳ್ಳಗಾಗಿದ್ದಾನೆ, ಕೈ ಮಾತ್ರ ಮೊದಲಿನ ಹಾಗೇ ಇವೆ.

"ಏನೇ, ಬದುಕಿದ್ದೀಯಾ?" ಎಂದ. "ಬ್ರೆಡ್ ತಂದ್ಯಾ? ಇಲ್ಲಿಯವರು ಕೊಡೋದನ್ನ ಗೋಡೆ ಕಟ್ಟೋಕೆ ಬಳಸ್ಬೋದು."

ತಂದಿರಲಿಲ್ಲ. ಕೂರಲೂ ಇಲ್ಲ. ನಿಂತೇ ಎಲ್ಲವನ್ನೂ ಹೇಳಿದೆ, ನಿನಗೆ ಬರೆದ ಹಾಗೆಯೇ. ಲೂಚೆಗೆ ಹೇಳಿದ ಮಾತನ್ನೂ ಹೇಳಿದೆ. ಅವನು ತಡೆಯಲಿಲ್ಲ. ಮುಗಿದ ಮೇಲೆ ಕೇಳಿದ.

"ಗಂಟೆ ಕೇಳಿಸ್ತಾ?"

"ಕೇಳಿಸ್ತು."

"ಏನು ತಿಂತಿದ್ದೆ?"

"ಸಾರ್ಡೀನ್."

"ಲೂಚೆದಾ? ಉಪ್ಪು ಸುರೀತಾಳೆ ಅವಳು." ತೊಡೆಯ ಮೇಲಿನ ಹೊದಿಕೆಯನ್ನು ಹಿಟ್ಟು ನಾದುವ ಹಾಗೆ ಒತ್ತುತ್ತಿದ್ದ. ಆಮೇಲೆ, "ಹೆಂಗಿತ್ತು ಆ ಹೊತ್ತು?" ಎಂದ.

ಬಾಯಿಗೆ ಏನೇನೋ ಬಂತು. ಕೆಟ್ಟದಾಗಿತ್ತು, ಮನಸ್ಸಿಗೆ ನೆಮ್ಮದಿ ಇರಲಿಲ್ಲ ಎಂದೆಲ್ಲ ಹೇಳಬಹುದಿತ್ತು. ಆದರೆ ಅದನ್ನೂ ಸುಳ್ಳು ಹೇಳಲಾಗಲಿಲ್ಲ.

"ತುಂಬ ಚೆನ್ನಾಗಿತ್ತು, ವಿಂಕೊ."

"ಸದ್ಯ" ಎಂದ. "ನಮ್ಮಿಬ್ರಲ್ಲಿ ಒಬ್ರಿಗಾದ್ರೂ ಚೆನ್ನಾಗಿತ್ತಲ್ಲ."

ಅವನು ನಗಲಿಲ್ಲ. ಕಿಟಕಿಯ ಕಡೆ ತಿರುಗಿದ.

"ಹಾಗಾದ್ರೆ ನಾನು ಸರಿಯಾಗೇ ಹುಡುಕಿದ್ದೆ" ಎಂದ, ನನಗಲ್ಲ, ಗಾಜಿಗೆ.

"ಸರಿಯಾಗೇ ಹುಡುಕಿದ್ದೆ. ನಾನು ಅಲ್ಲಿರ್ಲಿಲ್ಲ."

"ಹೂಂ. ಈಗ ಹೋಗು, ನೇವಿಯ. ನಿನ್ನ ಮುಖಕ್ಕೆ ಏನಾದ್ರೂ ಎಸೆಯೋಣ ಅಂದ್ರೆ ಕೈಗೆ ಏನೂ ಸಿಗ್ತಿಲ್ಲ."

ಬಾಗಿಲಿನ ತನಕ ಬಂದಿದ್ದೆ. ಆಗ ಹಿಂದಿನಿಂದ ಅಂದ: "ನಾಳೆ ಗುರುವಾರ. ನನ್ನನ್ನ ನಡೆಸೋ ಹುಡುಗಿಗೆ ರಜ. ಕಂಬಿ ಹಿಡ್ಕೊಂಡು ನಾನೇ ನಡೀತೀನಿ, ಆದ್ರೆ ಹಿಂದೆ ಒಬ್ರು ನಿಂತಿರ್ಬೇಕು, ಬಿದ್ರೆ ಹಿಡಿಯೋಕೆ. ಬರಲೇಬೇಕು ಅಂತೇನಿಲ್ಲ. ನೀನು ಸ್ವತಂತ್ರಳು."

ಚುಚ್ಚಿದನೋ, ನಿಜವಾಗಿಯೇ ಹೇಳಿದನೋ ನನಗೆ ತಿಳಿಯಲಿಲ್ಲ. ಬಹುಶಃ ಅವನಿಗೂ.

ನನ್ನ ವಾದವನ್ನು ಪೂರ್ತಿ ಬಿಟ್ಟಿದ್ದೇನೆ ಎಂದುಕೊಳ್ಳಬೇಡ ದೊಡ್ಡಮ್ಮ. ನನ್ನ ಬದುಕು ನನ್ನದು ಎಂದು ಈಗಲೂ ಅನ್ನಿಸುತ್ತದೆ. ನೀರಿಗೆ ಮತ್ತೆ ಯಾವಾಗ ಇಳಿಯುತ್ತೇನೋ, ಯಾರ ಜೊತೆ ಇಳಿಯುತ್ತೇನೋ ಗೊತ್ತಿಲ್ಲ. ಫಾನಿಕಳ ಮುಂದೆ ಹೇಗೆ ನಿಲ್ಲುವುದೋ ಅದೂ ಗೊತ್ತಿಲ್ಲ.

ಈ ಕಾಗದ ಬರೆಯುತ್ತಿರುವುದು ಬಸ್ ನಿಲ್ದಾಣದ ಎದುರಿನ ಒಂದು ಬಾಡಿಗೆ ಕೋಣೆಯಿಂದ. ಕೆಲಸಕ್ಕೆ ಫೋನ್ ಮಾಡಿ ನಾಳೆ ಬರುವುದಿಲ್ಲ ಎಂದೆ. ಜಾಗ್ರೆಬ್‌ನ ಸಂಜೆಯ ಬಸ್ಸು ಈಗಷ್ಟೇ ಹೊರಟಿತು. ಕಿಟಕಿಯಿಂದ ನೋಡಿದೆ.

ನಿನ್ನ,
ನೇವಿಯ